ಅಕ್ಕನ ಪಾಲಿನ ಕೆಮ್ಮು

ನಮ್ಮ ಊರಿನಲ್ಲಿ ನೆಗಡಿ ಮನುಷ್ಯನಿಗೆ ಬರುವುದಿಲ್ಲ, ಮನೆಗೆ ಬರುತ್ತದೆ. ಬಂದದ್ದು ಮನೆಯವರಲ್ಲಿ ಪಾಲಾಗುತ್ತದೆ. ಒಬ್ಬರಿಗೆ ಮೂಗು ಸೋರಿದರೆ ಇನ್ನೊಬ್ಬರಿಗೆ ಸೀನು, ಮತ್ತೊಬ್ಬರಿಗೆ ಗಂಟಲು ನೋವು, ಮಗದೊಬ್ಬರಿಗೆ ಮೈ ಬಿಸಿ. ಮೂಗು ಸೋರುವವನಿಗೆ ಕೆಮ್ಮಿಲ್ಲ, ಕೆಮ್ಮುವವಳಿಗೆ ಜ್ವರವಿಲ್ಲ. ಬೇರೆ ಊರಿನಿಂದ ಬಂದ ನೆಂಟರಿಗೆ ಇದು ಆಶ್ಚರ್ಯ. ನಮಗೋ ಅವರನ್ನು ಕಂಡರೆ ಆಶ್ಚರ್ಯ, ಒಬ್ಬನೇ ಮನುಷ್ಯ ಅಷ್ಟನ್ನೂ ಹೊತ್ತುಕೊಂಡು ಹೇಗಪ್ಪಾ ಓಡಾಡುತ್ತಾನೆ ಅಂತ.

ಬಸ್ ಸ್ಟ್ಯಾಂಡಿನ ಹಿಂದಿರುವ ಔಷಧಿ ಅಂಗಡಿ ನನ್ನದು. ಹೆಸರು ಮರಿಸ್ವಾಮಿ. ಅಂಗಡಿ ಇಟ್ಟು ಮೂವತ್ತೊಂದು ವರ್ಷವಾದರೂ ಊರಿನವರ ಬಾಯಲ್ಲಿ ನಾನಿನ್ನೂ ಕಾಂಪೌಂಡರೇ. ಅಶ್ವತ್ಥಯ್ಯ ಡಾಕ್ಟರ ಹತ್ತಿರ ಹುಡುಗನಾಗಿದ್ದಾಗಿನಿಂದ ಬಾಟಲಿ ತೊಳೆದು ಕಲಿತವನು, ಅನ್ನಲಿ ಬಿಡಿ. ಅಂಗಡಿಯ ಕೈಗೆಟುಕುವ ಹಲಗೆಗಳಲ್ಲಿ ಎಲ್ಲ ಬಿಡಿಬಿಡಿಯಾಗಿ ಜೋಡಿಸಿಟ್ಟಿದ್ದೇನೆ. ಮೂಗಿನದು ಇಲ್ಲಿ, ಗಂಟಲಿನದು ಅಲ್ಲಿ, ಜ್ವರದ ಮಾತ್ರೆ ಈ ಡಬ್ಬಿಯಲ್ಲಿ, ಕೆಮ್ಮಿನದು ಬಾಗಿಲ ಪಕ್ಕ. ಒಂದು ಮನೆಗೆ ನೆಗಡಿ ಬಂತೆಂದರೆ ಯಾರೋ ಒಬ್ಬರು ಚೀಟಿ ಹಿಡಿದು ಬರುತ್ತಾರೆ, ಯಜಮಾನರಿಗೆ ಇಂಥದ್ದು, ಸೊಸೆಗೆ ಇಂಥದ್ದು, ಮಗುವಿಗೆ ಇಂಥದ್ದು ಅಂತ ಬರೆಸಿಕೊಂಡು. ಸೀನು ಅತ್ತೆಗೆ ಹೋಯಿತು ಅಂತ ನಗುನಗುತ್ತಾ ಹೇಳುವ ಸೊಸೆಯರನ್ನೂ ನೋಡಿದ್ದೇನೆ.

ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ಸ್ಟೂಲು ಹತ್ತಿ ತೆಗೆಯಬೇಕಾದ ಕಡೆ, ಕೂಡು ಸಿರಪ್ಪಿನ ಬಾಟಲಿಗಳಿರುತ್ತವೆ. ಅದರಲ್ಲಿ ಎಲ್ಲವೂ ಇದೆ. ಮೂಗು ಕಟ್ಟುವುದಕ್ಕೆ, ಸೀನಿಗೆ, ಗಂಟಲಿಗೆ, ಕೆಮ್ಮಿಗೆ, ಜ್ವರಕ್ಕೆ, ಒಂದೇ ಚಮಚದಲ್ಲಿ. ಅದು ಒಂಟಿಯಾಗಿರುವವರ ಔಷಧಿ. ಪಾಲು ಹಂಚಿಕೊಳ್ಳುವವರು ಯಾರೂ ಇಲ್ಲದವರಿಗೆ ನೆಗಡಿ ಇಡಿಯಾಗಿ ಬರುತ್ತದಲ್ಲ, ಅವರಿಗೆ. ಅದನ್ನು ಕೊಡುವುದಕ್ಕೆ ಅಶ್ವತ್ಥಯ್ಯನವರು ಒಂದು ಕ್ರಮ ಹೇಳಿಕೊಟ್ಟಿದ್ದರು. ಸ್ಟೂಲು ಹತ್ತುವ ಮುಂಚೆ ಐದು ಪ್ರಶ್ನೆ ಕೇಳಬೇಕು. ಮೂಗು? ಸೀನು? ಗಂಟಲು? ಮೈ ಬಿಸಿ? ಕೆಮ್ಮು? ಐದಕ್ಕೂ ‘ಇದೆ’ ಅಂದರೆ ಮಾತ್ರ ಬಾಟಲಿ ಕೆಳಗಿಳಿಯಬೇಕು. ಒಂದಕ್ಕೆ ‘ಇಲ್ಲ’ ಅಂದರೂ ಸ್ಟೂಲು ಹತ್ತಬಾರದು. ಏಕೆಂದರೆ ಒಂದೇ ಪಾಲು ಹೊತ್ತವನು ಎಲ್ಲದರ ಔಷಧಿ ಕುಡಿದರೆ ಅವನ ಪಾಲು ಮನೆಯಿಂದ ಕಳಚಿಕೊಳ್ಳುತ್ತದೆ. ಮುಂದಿನ ಸಲದಿಂದ ನೆಗಡಿ ಅವನಿಗೆ ಇಡಿಯಾಗಿ ಬರುತ್ತದೆ, ಮತ್ತೆ ಸೇರಿಸುವುದಕ್ಕೆ ಯಾವ ಔಷಧಿಯೂ ಇಲ್ಲ. ಯಾಕೆ ಹಾಗೆ ಅಂತ ನನ್ನನ್ನು ಕೇಳಬೇಡಿ. ನಾನು ಕಾಂಪೌಂಡರು, ಅಷ್ಟೇ.

ಟೈಪಿಂಗ್ ಮೇಷ್ಟ್ರು ಹನುಮಂತರಾಯರು ಹೆಂಡತಿ ತೀರಿಕೊಂಡ ವರ್ಷ ಮೊದಲ ಸಲ ಆ ಸಿರಪ್ಪು ಕೇಳಿಕೊಂಡು ಬಂದರು. ನಾಲ್ಕು ಸಲ ‘ಇದೆ’ ಅಂದರು. ಐದನೆಯದಕ್ಕೆ ಬರೀ ತಲೆಯಾಡಿಸಿದರು. ಅಂಗಡಿಯಲ್ಲಿದ್ದವರೆಲ್ಲ ಬೇರೆ ಕಡೆ ತಿರುಗಿಕೊಂಡರು. ನಮ್ಮೂರಿನಲ್ಲಿ ಆ ಬಾಟಲಿ ಕೇಳುವುದೆಂದರೆ ನನಗೆ ಯಾರೂ ಇಲ್ಲ ಅಂತ ನಾಲ್ಕು ಜನರ ಎದುರು ಹೇಳಿಕೊಂಡ ಹಾಗೆ.

ಒಂದೇ ಸೂರಿನಡಿ ಮಲಗಿದ ಮಾತ್ರಕ್ಕೆ ಪಾಲು ಬರುತ್ತದೆ ಅಂತಲೂ ಅಲ್ಲ, ದೂರ ಹೋದ ತಕ್ಷಣ ತಪ್ಪುತ್ತದೆ ಅಂತಲೂ ಅಲ್ಲ. ಮನೆ ಬಿಟ್ಟವರು ನಿಜವಾಗಿ ಬಿಟ್ಟರೋ ಇಲ್ಲವೋ ಅನ್ನುವುದು ಆಮೇಲಿನ ಮೊದಲ ನೆಗಡಿಯಲ್ಲಿ ಗೊತ್ತಾಗುತ್ತದೆ. ನಮ್ಮ ಮಗಳು ಮದುವೆಯಾಗಿ ಹೋದಾಗ ಅವಳ ಪಾಲಿನ ಗಂಟಲು ನೋವು ಎಲ್ಲಿಗೆ ಬರುತ್ತದೋ ಅಂತ ನನ್ನ ಹೆಂಡತಿ ಮಂಗಳ ಕಾಯುತ್ತಿದ್ದಳು. ನನಗೆ ಬಂತು. ಮಗಳು ಆ ಮನೆಯವಳಾದಳಲ್ಲ ಅಂತ ಮಂಗಳ ಒಂದು ಕಣ್ಣಲ್ಲಿ ನಕ್ಕು ಒಂದು ಕಣ್ಣಲ್ಲಿ ಅತ್ತಳು. ಆಮೇಲೆ ನಮ್ಮ ಮನೆಯ ಪಾಲು ಹೀಗೆ ನಿಂತಿತು. ಮೂಗು, ಸೀನು ಮಂಗಳನಿಗೆ. ಮೈ ಬಿಸಿ, ಗಂಟಲು ನನಗೆ. ಕೆಮ್ಮು ಯಾವತ್ತಿನಂತೆ ಅಕ್ಕನಿಗೆ.

ಅಕ್ಕ ದೇವೀರಮ್ಮ. ಅಮ್ಮ ಸತ್ತಾಗ ನನಗೆ ಆರು ವರ್ಷ, ಅವಳಿಗೆ ಹದಿನಾರು. ಅಮ್ಮನ ಕೆಮ್ಮು ಅವಳಿಗೆ ಬಂತು, ಅಮ್ಮನ ಕೆಲಸವೂ ಬಂತು. ನನ್ನನ್ನು ಸಾಕುವುದರಲ್ಲಿ ಅವಳ ಮದುವೆಯ ವಯಸ್ಸು ದಾಟಿಹೋಯಿತು. ಇದನ್ನು ಅವಳು ಒಂದು ದಿನವೂ ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ಚೆನ್ನಾಗಿತ್ತು, ನನ್ನ ಕೊಬ್ಬು ಸ್ವಲ್ಪ ಇಳಿಯುತ್ತಿತ್ತು.

ಜಗಳ ಆದದ್ದು ಕಷಾಯದ ಮೇಲೆ. ಅಕ್ಕ ಚಳಿ ಶುರುವಾದ ಕೂಡಲೇ ಜಗುಲಿಯ ಮೇಲೆ ಒಲೆ ಹೂಡಿ ಒಂದು ತಪ್ಪಲೆ ಕಷಾಯ ಇಡುತ್ತಿದ್ದಳು. ಶುಂಠಿ, ಮೆಣಸು, ಜೀರಿಗೆ, ಕೊತ್ತಂಬರಿ, ಒಂದು ಹಿಡಿ ತುಳಸಿ, ಬೆಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಲೋಟ ಕೊಡುತ್ತಿದ್ದಳು. ಅದನ್ನು ಯಾರು ಕುಡಿದರೂ ಯಾರ ಪಾಲೂ ಕಳಚುವುದಿಲ್ಲ, ಗಂಟಲಿಗೆ ಹಿತವಾಗುತ್ತದೆ ಅಷ್ಟೇ. ಆದರೆ ಆ ವರ್ಷ ಬ್ಯಾಂಡಿನ ಶೇಷಪ್ಪ, ನಮ್ಮ ಎದುರುಮನೆಯವನು, ಕ್ಲಾರಿಯೊನೆಟ್ ಊದುವವನು, ಬಾಯಿ ಅವನದು ಊದದಿದ್ದಾಗಲೂ ಸುಮ್ಮನಿರುವುದಿಲ್ಲ, ಅಂಗಡಿಗೆ ಬಂದು ಎಲ್ಲರೆದುರು, “ಕಾಂಪೌಂಡ್ರೇ, ನಿಮ್ಮ ಔಷಧಿ ಮೇಲೆ ನಿಮ್ಮ ಮನೇಲೇ ನಂಬಿಕೆ ಇಲ್ಲ ಅಂತ ಕಾಣುತ್ತೆ” ಅಂದ. ಜನ ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು. ಮನೆಗೆ ಬಂದವನೇ ಕುದಿಯುತ್ತಿದ್ದ ತಪ್ಪಲೆಯನ್ನು ಎತ್ತಿ ಚರಂಡಿಗೆ ಸುರಿದೆ. ಲೋಟ ಹಿಡಿದು ಕಾಯುತ್ತಿದ್ದ ಮೂವರು ನೋಡುತ್ತಾ ನಿಂತಿದ್ದರು.

“ಅಂಗಡಿ ಮಾನ ತೆಗೀತಿದ್ದೀಯ. ಇದು ನನ್ನ ಮನೆ, ಇಲ್ಲಿ ಇನ್ನು ಈ ಕೆಲಸ ನಡಿಯಲ್ಲ” ಅಂದೆ.

ಅಕ್ಕ ಒಲೆಗೆ ನೀರು ಹಾಕಿ ಆರಿಸಿದಳು. “ನಿನ್ನ ಮನೆ. ಸರಿ ಬಿಡು” ಅಂದಳು. ಅಷ್ಟೇ. ಸಂಜೆಯೊಳಗೆ ತನ್ನ ಹಾಸಿಗೆ, ಟ್ರಂಕು ಹೊರಿಸಿಕೊಂಡು ಹೋಗಿ ನಮ್ಮ ಮನೆಗೆ ನಾಲ್ಕು ಮಾರು ದೂರದ ಹಿಟ್ಟಿನ ಗಿರಣಿಯ ಮಹಡಿ ಕೋಣೆಯಲ್ಲಿ ಇಳಿದಳು. ಮಂಗಳ ಅವಳ ಸೆರಗು ಹಿಡಿದು ಬೇಡಿಕೊಂಡಳು. ನಾನು ಒಳಗೆ ಕೂತು ಪೇಪರು ಓದುತ್ತಿದ್ದೆ, ಒಂದಕ್ಷರವೂ ತಲೆಗೆ ಹತ್ತದಿದ್ದರೂ.

ಒಂದೂವರೆ ತಿಂಗಳು ಕಳೆಯಿತು. ಮಾರ್ಗಶಿರದ ಚಳಿಗೆ ಊರಿಗೆಲ್ಲ ನೆಗಡಿ ಬಂತು. ನಮ್ಮ ಮನೆಗೂ ಬಂತು. ಮಂಗಳ ಸೀನತೊಡಗಿದಳು, ಮೂಗು ಸೋರಿತು. ನನಗೆ ಮೈ ಬಿಸಿಯಾಯಿತು, ಗಂಟಲು ಹಿಡಿಯಿತು. ಇನ್ನು ಉಳಿದದ್ದು ಕೆಮ್ಮು. ಮೊದಲ ದಿನ ಬರಲಿಲ್ಲ, ಎರಡನೆಯ ದಿನವೂ ಬರಲಿಲ್ಲ. ಮೂರನೆಯ ದಿನ ಮಂಗಳ ಮೂಗೊರೆಸಿಕೊಳ್ಳುತ್ತಾ ನನ್ನ ಮುಂದೆ ಬಂದು ನಿಂತಳು. ಮುಖದ ತುಂಬ ಸಂತೋಷ.

“ಕೆಮ್ಮು ನಮಗೆ ಬಂದಿಲ್ಲ ಕಣ್ರೀ. ಅಕ್ಕನೇ ಹೊತ್ಕೊಂಡಿದ್ದಾರೆ. ಅವರಿನ್ನೂ ನಮ್ಮೋರೇ. ಏಳಿ, ಹೋಗಿ ಕರ್ಕೊಂಡು ಬನ್ನಿ” ಅಂದಳು.

ನನ್ನ ಎದೆಯೂ ಒಂದು ಗಳಿಗೆ ಹಗುರಾಯಿತು, ಸುಳ್ಳು ಹೇಳಲಾರೆ. ಹೋಗಬೇಕು ಅಂತ ಶಲ್ಯ ಹೆಗಲಿಗೆ ಹಾಕಿಕೊಂಡೆ. ಬಾಗಿಲು ದಾಟುತ್ತಲೇ ಎದುರು ಜಗುಲಿಯಿಂದ ಶೇಷಪ್ಪ ಕೂಗಿದ. “ಏನ್ ಕಾಂಪೌಂಡ್ರೇ, ಕೆಮ್ಮು ಯಾರಿಗೆ ಬಂತು? ದೇವೀರಮ್ಮೋರು ಗಿರಣಿ ಮೇಲೆ ಕೆಮ್ಮುತಾ ಇದ್ರು. ನಿಮ್ಮನೇದೇನಾ ಅದು?”

ಬೀದಿಯಲ್ಲಿ ಇನ್ನೂ ನಾಲ್ಕೈದು ಜನ ಇದ್ದರು, ಅವತ್ತು ಲೋಟ ಹಿಡಿದು ನಿಂತವರೂ ಇದ್ದರು. ಮನೆ ನನ್ನದು ಅಂತ ಅಬ್ಬರಿಸಿ ಕಳಿಸಿದವನು ಈಗ ಬಾಲ ಮುದುರಿಕೊಂಡು ಕರೆಯುವುದಕ್ಕೆ ಹೊರಟಿದ್ದಾನೆ ಅಂತ ಇವರೆಲ್ಲ ನಗುತ್ತಾರೆ ಅನ್ನಿಸಿತು. ಹಾಳು ಅಭಿಮಾನ. ಏನು ಮಾಡಿದೆ ಗೊತ್ತೇ? ಕೆಮ್ಮಿದೆ. ಎರಡು ಸಲ ಕೆಮ್ಮಿ ಶೇಷಪ್ಪನ ಮುಖ ನೋಡಿದೆ. ಅವನು “ಓಹೋ, ನಿಮಗೇ ಬಂತಾ!” ಅಂದ. ಮತ್ತೆ ಎರಡು ಸಲ ಕೆಮ್ಮಿದೆ.

ಒಂದು ಸಲ ಕೆಮ್ಮಿದ ಮೇಲೆ ಬಿಡುವಂತಿಲ್ಲವಲ್ಲ. ಜಗುಲಿಯಲ್ಲಿ ಕೆಮ್ಮಿದೆ, ಅಂಗಡಿಯಲ್ಲಿ ಕೆಮ್ಮಿದೆ, ಗಿರಣಿಯ ಮುಂದೆ ಹಾದುಹೋಗುವಾಗ ಇನ್ನೂ ಸ್ವಲ್ಪ ಜೋರಾಗಿ ಕೆಮ್ಮಿದೆ. ನಾಲ್ಕು ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು, ಮರಿಸ್ವಾಮಿಗೆ ಕೆಮ್ಮು ಬಂತಂತೆ, ದೇವೀರಮ್ಮ ಆ ಮನೆಯಿಂದ ಪೂರ್ತಿ ಹೊರಗಾದಳಂತೆ ಅಂತ. ಮಂಗಳ ನನ್ನ ಕೈಗೆ ಊಟದ ತಟ್ಟೆ ಕೊಡುವುದನ್ನು ನಿಲ್ಲಿಸಿ ನೆಲದ ಮೇಲೆ ಇಟ್ಟು ಹೋಗತೊಡಗಿದಳು. “ಹೋಗಿ ನಿಜ ಹೇಳಿ. ಇಲ್ಲಾಂದ್ರೆ ನಾನೇ ಹೇಳ್ತೀನಿ” ಅಂದಳು. “ಭಾನುವಾರ ಅಂಗಡಿ ರಜ, ಅವತ್ತು ಹೋಗ್ತೀನಿ. ನೀನು ಬಾಯಿ ಬಿಡಬೇಡ” ಅಂದೆ. ಹೋಗುತ್ತೇನೆ ಅಂತಲೇ ಅಂದುಕೊಂಡಿದ್ದೆ, ದೇವರಾಣೆಗೂ.

ಶುಕ್ರವಾರ ಸಂತೆಯ ದಿನ. ಅಂಗಡಿ ತುಂಬ ಜನ, ಕೈಕೈಯಲ್ಲಿ ಚೀಟಿಗಳು. ಹನ್ನೊಂದು ಗಂಟೆಯ ಹೊತ್ತಿಗೆ ಅಕ್ಕ ಬಂದಳು. ತೊಳೆದ ಸೀರೆ ಉಟ್ಟಿದ್ದಳು, ಹೊರಗಿನವರ ಮನೆಗೆ ಹೋಗುವಾಗ ಉಡುವಂಥದ್ದು. ಜನ ಸರಿದು ದಾರಿ ಬಿಟ್ಟರು. ಅವಳು ಗಲ್ಲಾಪೆಟ್ಟಿಗೆಯ ಎದುರು ನಿಂತು, ಸೆರಗು ಬಾಯಿಗಿಟ್ಟುಕೊಂಡು ತನ್ನ ಕೆಮ್ಮು ಕೆಮ್ಮಿ ಮುಗಿಸಿ, ಹೇಳಿದಳು.

“ಕೂಡು ಸಿರಪ್ಪು ಒಂದು ಕೊಡಿ.”

ಹುಟ್ಟಿದಾಗಿನಿಂದ ನನ್ನನ್ನು ‘ಬಾರೋ ಮರಿ, ಹೋಗೋ ಮರಿ’ ಅಂದವಳು. ‘ಕೊಡಿ’ ಅಂದಳು. ಜನ ಬೇರೆ ಕಡೆ ತಿರುಗಿಕೊಂಡರು. ಶೇಷಪ್ಪನೂ ಅಲ್ಲೇ ಇದ್ದ, ಅವನೂ ತಲೆ ತಗ್ಗಿಸಿದ.

ನನ್ನ ಕೆಲಸ ಏನು? ಐದು ಪ್ರಶ್ನೆ ಕೇಳಬೇಕಾದದ್ದು. ಮೂಗು? ಇಲ್ಲ ಅನ್ನುತ್ತಿದ್ದಳು. ಸೀನು? ಇಲ್ಲ. ಅವಳ ಮೂಗು ಒಣಗಿತ್ತು, ಕಣ್ಣು ತಿಳಿಯಾಗಿತ್ತು. ಅವಳಿಗಿದ್ದದ್ದು ನಮ್ಮ ಮನೆಯ ಕೆಮ್ಮೊಂದೇ, ಅದು ನನಗಲ್ಲದೆ ಇನ್ಯಾರಿಗೆ ಗೊತ್ತಿತ್ತು? ಆದರೆ ಅವಳು ಒಂದು ‘ಇಲ್ಲ’ ಅಂದರೂ ಅಲ್ಲಿದ್ದವರಿಗೆಲ್ಲ ನನ್ನ ಕೆಮ್ಮು ಸುಳ್ಳು ಅಂತ ತಿಳಿದುಹೋಗುತ್ತಿತ್ತು. ಸಂತೆಯ ದಿನ, ಇಡೀ ಊರಿಗೆ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಆ ಪ್ರಶ್ನೆ ಕೇಳದೆ ಸ್ಟೂಲು ಹತ್ತಿದವನಲ್ಲ ನಾನು. ಅವತ್ತು ಹತ್ತಿದೆ. ಅವಳು ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಳು. ಬಾಟಲಿಯ ಧೂಳು ಒರೆಸುತ್ತಾ ನಾನು ಬೇಕೆಂದೇ ತಡಮಾಡಿದೆ. ಅವಳೇ ‘ಬೇಡ’ ಅನ್ನಲಿ ಅಂತ ಒಳಗೊಳಗೇ ಬೇಡಿಕೊಂಡೆ. ಅವಳು ಕಾಯುತ್ತಲೇ ನಿಂತಿದ್ದಳು.

“ಊಟ ಆದ ಮೇಲೆ ಎರಡು ಚಮಚ. ನಿದ್ದೆ ಬರುತ್ತೆ. ಇದರ ಜೊತೆ ಬೇರೆ ಜ್ವರದ ಮಾತ್ರೆ ನುಂಗಬಾರದು, ಇದರಲ್ಲೇ ಇದೆ” ಅಂದೆ. ಎಲ್ಲರಿಗೂ ಹೇಳುವ ಮಾತು.

“ಗೊತ್ತು” ಅಂದಳು. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ನಾನು ಅಭ್ಯಾಸ ತಪ್ಪಬಾರದೆಂಬಂತೆ ಎರಡು ಸಲ ಕೆಮ್ಮಿ, ಮುಂದಿನವರ ಚೀಟಿ ತೆಗೆದುಕೊಂಡೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಮಂಗಳನಿಗೆ ವಿಷಯ ಮುಟ್ಟಿತ್ತು. “ಪಾಪಿ” ಅಂದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ನನಗೆ ಅಂಥ ಮಾತು ಆಡಿದವಳಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಗಿರಣಿಯ ಹಿಟ್ಟಿನ ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಅಕ್ಕ ಊಟ ಮುಗಿಸಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ಕಿಟಕಿಯ ಮೇಲೆ ಬಾಟಲಿ, ಪಕ್ಕದಲ್ಲಿ ತೊಳೆದಿಟ್ಟ ಚಮಚ. ಸಿರಪ್ಪು ಬಾಟಲಿಯ ಕತ್ತಿನಿಂದ ಎರಡು ಚಮಚದಷ್ಟು ಕೆಳಗಿಳಿದಿತ್ತು. ಅವಳು ಕೆಮ್ಮುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತೆ, ಅವಳನ್ನು ಎಬ್ಬಿಸುವ ಧೈರ್ಯವೂ ಬರಲಿಲ್ಲ. ಎಬ್ಬಿಸಿ ಏನು ಹೇಳುವುದು? ಇಳಿದು ಬಂದೆ. ಸುಳ್ಳು ಕೆಮ್ಮನ್ನೂ ಅವತ್ತಿಗೆ ಬಿಟ್ಟೆ. ವಾಸಿಯಾಯಿತು ಅಂತ ಜನ ತಿಳಿದುಕೊಂಡರು.

ಫಾಲ್ಗುಣದಲ್ಲಿ, ಬಿಸಿಲು ಏರುವ ಮುಂಚೆ, ಇನ್ನೊಂದು ನೆಗಡಿ ಬಂತು. ಮಂಗಳನಿಗೆ ಮೂಗು, ಸೀನು. ನನಗೆ ಮೈ ಬಿಸಿ, ಗಂಟಲು. ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಎದೆಯ ತಳದಿಂದ ಏನೋ ಎದ್ದು ಬಂತು. ಬಚ್ಚಲ ಗೋಡೆ ಹಿಡಿದುಕೊಂಡು ಕೆಮ್ಮಿದೆ. ಮೊದಲು ಮೂರು ಸಣ್ಣದು, ಆಮೇಲೆ ಒಂದು ಉದ್ದದ್ದು, ಕೊನೆಗೆ ಒಂದು ನಿಟ್ಟುಸಿರು. ನಾನು ಹುಡುಗನಾಗಿದ್ದಾಗಿನಿಂದ ಪಕ್ಕದ ಕೋಣೆಯಿಂದ ಕೇಳಿಸಿಕೊಂಡಿದ್ದ ಕೆಮ್ಮು, ನನ್ನ ಬಾಯಿಂದಲೇ ಬರುತ್ತಿತ್ತು. ಅಡುಗೆಮನೆಯಲ್ಲಿ ಮಂಗಳ ಪಾತ್ರೆ ಇಳಿಸಿ ನಿಂತದ್ದು ಕೇಳಿಸಿತು. ಅವಳು ಸೀನುತ್ತಿದ್ದಳೋ ಅಳುತ್ತಿದ್ದಳೋ, ನಾನು ಹೋಗಿ ನೋಡಲಿಲ್ಲ.

ಅಕ್ಕ ಎರಡು ದಿನದಿಂದ ಮೇಲೆದ್ದಿಲ್ಲ ಅಂತ ಗಿರಣಿಯವರು ಹೇಳಿದರು. ಅಂಗಡಿಗೆ ಹೋಗಿ ಸ್ಟೂಲು ಹತ್ತಿ ಒಂದು ಬಾಟಲಿ ಇಳಿಸಿಕೊಂಡು ಹೋದೆ. ಕೆಳಗೆ ಗಿರಣಿ ಓಡುತ್ತಿತ್ತು, ಮಹಡಿಯ ನೆಲ ಅದುರುತ್ತಿತ್ತು. ಅಕ್ಕ ಕಂಬಳಿ ಹೊದ್ದು ಮಲಗಿದ್ದಳು. ಮೂಗು ಕೆಂಪಗೆ, ಕಣ್ಣಲ್ಲಿ ನೀರು, ತುಟಿ ಒಣಗಿತ್ತು. ಅರವತ್ತೆಂಟು ವರ್ಷ ಅವಳಿಗೆ. ಮೂಗು ಸೋರುವುದು ಹೇಗಿರುತ್ತದೆ ಅಂತ ಈಗ ತಿಳಿಯುತ್ತಿತ್ತು.

“ಬಾ ಮರಿ. ಕೂತ್ಕೊ. ಬಾಟಲಿ ತಂದ್ಯಾ?”

“ತಂದೆ ಅಕ್ಕ.”

“ಕೇಳು ಮತ್ತೆ. ಕೇಳ್ದೆ ಕೊಡಬಾರದು ಅಲ್ವಾ?”

ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಕೇಳಿದೆ. “ಮೂಗು?”

“ಇದೆ.”

“ಸೀನು?”

“ಇದೆ. ಥೂ, ಎಂಥಾ ಪೀಡೆ ಅದು. ಮಂಗಳ ಹೆಂಗ್ ತಡ್ಕೊಳ್ತಾಳೋ.”

“ಗಂಟಲು?”

“ಇದೆ.”

“ಮೈ ಬಿಸಿ?”

ಅವಳು ನನ್ನ ಕೈ ಹಿಡಿದು ತನ್ನ ಹಣೆಯ ಮೇಲೆ ಇಟ್ಟುಕೊಂಡಳು. ಸುಡುತ್ತಿತ್ತು.

“ಕೆಮ್ಮು?”

“ಅದೂ ಇದೆ. ಆದ್ರೆ ಇದು ಯಾವುದೋ ಹೊಸದು ಕಣೋ. ನನಗೆ ಪರಿಚಯ ಇಲ್ಲ.”

ಇನ್ನು ತಡೆಯಲಾಗಲಿಲ್ಲ. ಅವಳ ಕಾಲು ಹಿಡಿದುಕೊಂಡು ಹೇಳಿಬಿಟ್ಟೆ. “ಅಕ್ಕ, ಹೋದ ಸಲ ನನಗೆ ಕೆಮ್ಮು ಬಂದಿರಲಿಲ್ಲ. ಸುಳ್ಳು ಕೆಮ್ಮಿದ್ದೆ. ನೀನು ನಮ್ಮವಳೇ ಆಗಿದ್ದೆ.”

“ಗೊತ್ತಿತ್ತು” ಅಂದಳು.

ನಾನು ತಲೆಯೆತ್ತಿ ನೋಡಿದೆ. ಅವಳು ಸೂರು ನೋಡುತ್ತಿದ್ದಳು.

“ಸ್ಕೂಲಿಗೆ ಚಕ್ಕರ್ ಹೊಡಿಯೋಕೆ ಕೆಮ್ಮುತಿದ್ಯಲ್ಲ, ಅದೇ ಕೆಮ್ಮು. ಎರಡು ಸಲ ಕೆಮ್ಮೋದು, ಆಮೇಲೆ ಯಾರಾದ್ರೂ ನೋಡಿದ್ರಾ ಅಂತ ನೋಡೋದು. ಕಿಟಕಿಯಿಂದ ಕಾಣ್ತಿತ್ತು ನನಗೆ. ಮೊದಲ್ನೇ ದಿನ ನಗು ಬಂತು. ನಾಲ್ಕು ದಿನ ಆದ್ರೂ ಬಿಡ್ಲಿಲ್ಲ ನೀನು. ನನ್ನ ಆಚೆ ಹಾಕೋಕೆ ಇಷ್ಟು ಕಷ್ಟಪಡ್ತಾನಲ್ಲಪ್ಪಾ, ಇನ್ನು ನಾನೇ ಹೋದ್ರೆ ಸರಿ ಅನ್ನಿಸ್ತು.”

“ಯಾಕಕ್ಕ ಕುಡಿದೆ?”

“ಅಂಗಡೀಲಿ ನೀನು ಕೇಳ್ತೀಯ ಅಂದ್ಕೊಂಡಿದ್ದೆ. ಐದೂ ಬೇಡ, ಒಂದು ಕೇಳಿದ್ರೆ ಸಾಕಾಗಿತ್ತು. ಸ್ಟೂಲು ಹತ್ತೋವರೆಗೂ ಕಾದೆ. ಧೂಳು ಒರೆಸಿದ್ಯಲ್ಲ, ಅಲ್ಲೀವರೆಗೂ ಕಾದೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಿಡಿದುಕೊಳ್ಳುವುದಕ್ಕೆ ಏನಾದರೂ ಸಿಗುತ್ತಿತ್ತು.

“ಮನೆಗೆ ಬಾ ಅಕ್ಕ. ಈಗಲೇ ನಡಿ. ಜಗುಲಿ ಮೇಲೆ ಒಲೆ ನಾನೇ ಹೂಡ್ತೀನಿ.”

“ಬರ್ತೀನಿ ಬಿಡು. ಹಬ್ಬಕ್ಕೆ ಬರ್ತೀನಿ, ಮಂಗಳನ್ನ ನೋಡೋಕೆ ಬರ್ತೀನಿ” ಅಂದಳು. ನೆಂಟರು ಹೇಳುವ ಹಾಗೆ.

ಆಗ ನನಗೆ ಕೆಮ್ಮು ಬಂತು. ಮೂರು ಸಣ್ಣದು, ಒಂದು ಉದ್ದದ್ದು. ಕೆಮ್ಮಿ ಮುಗಿಸುವಷ್ಟರಲ್ಲಿ ಅಕ್ಕ ಮೊಣಕೈ ಊರಿ ಎದ್ದು ಕೂತಿದ್ದಳು. ಕಿವಿಗೊಟ್ಟು ಕೇಳುತ್ತಿದ್ದಳು. ತುಂಬ ದಿನದ ಮೇಲೆ ಪರಿಚಯದವರ ದನಿ ಬೀದಿಯಲ್ಲಿ ಕೇಳಿಸಿದಾಗ ಹೀಗೇ ಕೂರುತ್ತಾರೆ.

“ಇದು ನಿಜದ್ದು” ಅಂದಳು. “ಇದು ನಂದು.”

ಹತ್ತಿರ ಬರುವಂತೆ ಕೈ ಮಾಡಿದಳು. ಹೋದೆ. ಜ್ವರದ ಕೈಯಿಂದ ನನ್ನ ಬೆನ್ನು ನೀವುತ್ತಾ, ಮಗುವನ್ನು ಬೇರೆ ಮನೆಗೆ ಕಳಿಸುವವಳ ಹಾಗೆ ಒಂದೊಂದೇ ಹೇಳಿದಳು.

“ಬೆಳಗಿನ ಜಾವ ಜಾಸ್ತಿ ಆಗುತ್ತೆ ಅದು. ಎರಡು ದಿಂಬು ಹಾಕ್ಕೊ. ಎಡಗಡೆ ಮಗ್ಗುಲಾಗ್ಬೇಡ, ಎಡಗಡೆ ಅದಕ್ಕೆ ಆಗಲ್ಲ. ರಾತ್ರಿ ಮಜ್ಜಿಗೆ ಬೇಡ. ಕೆಮ್ಮಿನ ಸಿರಪ್ಪು ಗಿರಪ್ಪು ಕುಡಿದ್ರೆ ಕುಡಿ, ಆದ್ರೆ ಆಮೇಲೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕ್ಕೊ, ಸಮಾಧಾನ ಆಗುತ್ತೆ. ಅಮ್ಮನಿಂದ ಇಸ್ಕೊಂಡು ಐವತ್ತೆರಡು ವರ್ಷ ನೋಡ್ಕೊಂಡಿದ್ದೀನಿ ಕಣೋ ಅದನ್ನ. ಜೋಪಾನ.”

ನಾನು ಹೂಂ ಅಂದೆ. ಚಮಚಕ್ಕೆ ಸಿರಪ್ಪು ಬಗ್ಗಿಸಿ ಅವಳ ಬಾಯಿಗೆ ಹಿಡಿದೆ. ಐದಕ್ಕೂ ‘ಇದೆ’ ಅಂದಿದ್ದಳು, ಕೊಡಬಹುದಿತ್ತು.